ಕಲಬುರಗಿ ಬಿಸಿಲಿಗೆ ಎಕ್ಸ್‌ಪಿಎಸ್ ಬೋರ್ಡ್: ಕೆಲವು ಬೇಸಿಗೆ ಕಳೆದ ಮೇಲೆ

ಮನೆ ರಿಪೇರಿಗೆ ಕೈ ಹಾಕಿದಾಗ ಮಹಡಿ ಕೋಣೆಗಳ ಧಗೆ ತಪ್ಪಿಸಬೇಕು ಅನ್ನೋದೇ ಮನೆಯವರೆಲ್ಲರ ಮೊದಲ ಮಾತು. ಇಲ್ಲಿ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಹೊಸದಲ್ಲ. ಆರ್‌ಸಿಸಿ ಸ್ಲ್ಯಾಬ್ ಹಗಲೆಲ್ಲ ಕಾಯುತ್ತದೆ, ನಾವು ಮಲಗುವ ಹೊತ್ತಿಗೆ ಸರಿಯಾಗಿ ಆ ಬಿಸಿಯನ್ನು ಕೆಳಗೆ ಬಿಡುತ್ತದೆ.

ಫಾಲ್ಸ್ ಸೀಲಿಂಗ್ ಮಾಡಿಸಿ ಒಳಗೆ ಗ್ಲಾಸ್ ವೂಲ್ (ಗಾಜಿನ ಎಳೆಗಳ ಹತ್ತಿಯಂಥ ಹಾಸು) ತುಂಬಿಸಿ ಅಂದವರೇ ಜಾಸ್ತಿ. ಕೆಲಸ ಸುಲಭ, ನಿಜ. ಆದರೆ ಸ್ಲ್ಯಾಬ್ ಕಾಯೋದು ನಿಲ್ಲಲ್ಲ. ಇಲಿಗಳಿಗೂ ಪುಕ್ಕಟೆ ಜಾಗ ಕೊಟ್ಟ ಹಾಗೆ, ಅಲ್ವಾ? ಬಿಳಿ ಕೂಲ್ ರೂಫ್ ಪೇಂಟ್ ಅಗ್ಗ, ಹೊಸದಾಗಿದ್ದಾಗ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಮ್ಮೂರ ಧೂಳು ಕೂತರೆ ಆಟ ಮುಗಿಯಿತು.

ಹಾಗಾಗಿ ಸ್ಲ್ಯಾಬ್ ಮೇಲೆಯೇ 50 ಮಿ.ಮೀ. ದಪ್ಪದ ಎಕ್ಸ್‌ಪಿಎಸ್ (ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್) ಅನ್ನೋ, ಬಿಸಿ ತಡೆಯುವ ಫೋಮ್ ಬೋರ್ಡ್ ಹಾಕಿಸಿದೆವು. ಇದು ಥರ್ಮೋಕೋಲ್‌ನ ದಾಯಾದಿಯೇ, ಆದರೆ ಗಟ್ಟಿ. ನೀರು ಹೀರುವುದು ತೀರಾ ಕಡಿಮೆ. ಕೆಳಗೆ ವಾಟರ್‌ಪ್ರೂಫಿಂಗ್, ಅದರ ಮೇಲೆ ಬೋರ್ಡ್, ಆಮೇಲೆ ಜಾಲರಿ ಹಾಕಿದ ಕಾಂಕ್ರೀಟ್, ಎಲ್ಲಕ್ಕೂ ಮೇಲೆ ಶಹಾಬಾದ್ ಫರಸಿ. ಫರಸಿ ನಮ್ಮ ಜಿಲ್ಲೆಯದೇ, ಸಾಗಾಣಿಕೆ ಖರ್ಚು ಹೆಚ್ಚಾಗಲಿಲ್ಲ.

ಬೋರ್ಡನ್ನು ಬಿಸಿಲಿಗೆ ತೆರೆದಿಡುವ ಹಾಗಿಲ್ಲ. ನಮ್ಮ ಗೌಂಡಿ ಪ್ಯಾರಾಪೆಟ್ ಮೂಲೆಯಲ್ಲಿ ಅಂಗೈ ಅಗಲದಷ್ಟು ಅಂಚು ಮುಚ್ಚದೆ ಬಿಟ್ಟು ಹೋಗಿದ್ದ. ಮುಂದಿನ ಬೇಸಿಗೆಗೆ ಆ ಜಾಗ ಹಳದಿಗೆ ತಿರುಗಿತ್ತು, ಬೆರಳಲ್ಲಿ ಉಜ್ಜಿದರೆ ಹಿಟ್ಟು ಉದುರುತ್ತಿತ್ತು. ಸಂದಿಯಲ್ಲಿ ಇರುವೆ ಬೇರೆ ಗೂಡು ಮಾಡಿದ್ದವು. ಕೆರೆದು ಸಿಮೆಂಟ್ ಮೆತ್ತಿಸಿದ ಮೇಲೆ ತೊಂದರೆ ಬಂದಿಲ್ಲ.

ಈಗ ಮೇ ತಿಂಗಳ ಸಂಜೆಯಲ್ಲೂ ಸೀಲಿಂಗಿಗೆ ಕೈ ಇಟ್ಟರೆ ಉಗುರು ಬೆಚ್ಚಗೆ, ಅಷ್ಟೇ. ಮೊದಲು ಬೆಳಗಿನ ತನಕ ಓಡುತ್ತಿದ್ದ ಎಸಿಯನ್ನು ಈಗ ನಡುರಾತ್ರಿಗೆ ಆರಿಸಿ, ಕಿಟಕಿ ತೆಗೆದು ಮಲಗುತ್ತೇವೆ. ಕರೆಂಟ್ ಹೋದರೂ ಕೋಣೆ ಕೂಡಲೇ ಕಾಯುವುದಿಲ್ಲ. ಆದರೆ ಬೋರ್ಡ್ ತಂಪು ಮಾಡುವ ಯಂತ್ರ ಅಲ್ಲ. ಮಧ್ಯಾಹ್ನ ಸುಮ್ನೆ ಕಿಟಕಿ ತೆಗೆದಿಟ್ಟರೆ ಒಳಗೆ ಬಂದ ಬಿಸಿಗಾಳಿ ಅಲ್ಲೇ ಕೂರುತ್ತದೆ. ಪಡುವಣ ಗೋಡೆಗೆ ಏನೂ ಮಾಡಿಸಿಲ್ಲ, ಅದು ಇವತ್ತಿಗೂ ಸಂಜೆ ಸುಡುತ್ತದೆ. ಹಿಂದಿನ ಓಣಿಯ ಹಳೇ ಮಣ್ಣಿನ ಮಾಳಿಗೆ ಮನೆ ಈಗಲೂ ನಮ್ಮದಕ್ಕಿಂತ ತಂಪು, ಅದು ಬೇರೆ ಮಾತು!

ಖರ್ಚು ಪೇಂಟ್‌ಗಿಂತ ಎಷ್ಟೋ ಪಟ್ಟು ಹೆಚ್ಚು. ಆದರೂ ದುಡ್ಡು ಒಂದೇ ಕಡೆ ಹಾಕುವುದಾದರೆ ಛಾವಣಿಗೇ ಹಾಕಿ ಅಂತೀನಿ. ಅಂಗಡಿಯವರು ದಪ್ಪ ಥರ್ಮೋಕೋಲ್ ತೋರಿಸಿ ಎರಡೂ ಒಂದೇ ಅಂದರೆ ಒಪ್ಪಬೇಡಿ, ಬಿಲ್‌ನಲ್ಲಿ ದಪ್ಪ, ಡೆನ್ಸಿಟಿ ಎರಡನ್ನೂ ಬರೆಸಿಕೊಳ್ಳಿ. ಒಂದರ ಅಂಚು ಇನ್ನೊಂದರ ಮೇಲೆ ಕೂರುವಂಥ ಬೋರ್ಡ್ ಸಿಕ್ಕರೆ ಅದನ್ನೇ ತನ್ನಿ. ಹಾಕುವ ದಿನ ಮೇಲೆ ನಿಂತು ಮೂಲೆಗಳನ್ನು ನೋಡಿ.