ಮೈಸೂರಿನ ಒಂದು ಕೇಂದ್ರದಲ್ಲಿ ಟ್ರೊಡಾಟ್ ಸ್ಕ್ಯಾನ್

ಮಂಡ್ಯದ ಬಳಿ ಇರುವ ನಮ್ಮ ದೊಡ್ಡಪ್ಪನವರಿಗೆ ಎರಡೂ ಕೈ ನಡುಗತೊಡಗಿದಾಗ, ಇದು ಪಾರ್ಕಿನ್ಸನ್ ಕಾಯಿಲೆಯೋ ಅಥವಾ ತಲೆಸುತ್ತಿಗೆಂದು ಒಂದೂವರೆ ವರ್ಷದಿಂದ ನುಂಗುತ್ತಿದ್ದ ಸಿನ್ನರಿಜಿನ್ ಮಾತ್ರೆಯ ಫಲವೋ ಎಂದು ತಿಳಿಯಲು ಮೈಸೂರಿನ ನರರೋಗ ತಜ್ಞರು ಟ್ರೊಡಾಟ್ ಸ್ಕ್ಯಾನ್ ಬರೆದುಕೊಟ್ಟರು. ಪರೀಕ್ಷೆ ಮಾಡಿದ ಕೇಂದ್ರದ ಹೆಸರು ಇಲ್ಲಿ ಬೇಡ. ಅಲ್ಲಿನ ಕೆಲಸದ ಬಗ್ಗೆ ಮಾತ್ರ ಬರೆಯುತ್ತೇನೆ.

ಸಿನ್ನರಿಜಿನ್ ಮಿದುಳಿನಲ್ಲಿ ಚಲನೆಯನ್ನು ಹತೋಟಿಯಲ್ಲಿಡುವ ಡೋಪಮೈನ್ ಎಂಬ ರಾಸಾಯನಿಕ ಬಂದು ಕೂರಬೇಕಾದ ಡಿ2 ಗ್ರಾಹಕಗಳನ್ನು ಆಕ್ರಮಿಸಿಕೊಳ್ಳುತ್ತದೆ, ಪಾರ್ಕಿನ್ಸನ್‌ನಲ್ಲಾದರೋ ಡೋಪಮೈನ್ ತಯಾರಿಸುವ ನರಕೋಶಗಳೇ ಸಾಯುತ್ತವೆ; ಹೊರಗೆ ಕಾಣುವ ನಡುಕ ಮಾತ್ರ ಹೆಚ್ಚು ಕಡಿಮೆ ಒಂದೇ. ಸ್ಕ್ಯಾನಿಗಾಗಿ ಚುಚ್ಚುವ, ಟೆಕ್ನೀಶಿಯಮ್ ಎಂಬ ವಿಕಿರಣಶೀಲ ಧಾತು ಬೆರೆಸಿದ ಟ್ರೊಡಾಟ್ ಮದ್ದು ಅಂಟಿಕೊಳ್ಳುವುದು ಗ್ರಾಹಕಕ್ಕಲ್ಲ, ಆ ನರತುದಿಗಳಲ್ಲಿ ಡೋಪಮೈನನ್ನು ಮರಳಿ ಒಳಗೆಳೆದುಕೊಳ್ಳುವ ಪ್ರೋಟೀನಿಗೆ. ನರತುದಿಗಳು ಚೆನ್ನಾಗಿದ್ದರೆ ಚಿತ್ರದಲ್ಲಿ ಎರಡು ಅಲ್ಪವಿರಾಮಗಳಂತಹ ಬೆಳಕು ಕಾಣುತ್ತದೆ. ಪಾರ್ಕಿನ್ಸನ್ ಇದ್ದರೆ ಮೊದಲು ಅದರ ಬಾಲ ಅಳಿಸಿ ಚುಕ್ಕೆ ಉಳಿಯುತ್ತದೆ.

ಸ್ಕ್ಯಾನ್ ಎಂದರೆ ಖಾಲಿ ಹೊಟ್ಟೆಯಲ್ಲೇ ಬರಬೇಕೆಂದು ಫೋನಿನಲ್ಲಿ ಹೇಳಿದ್ದರಿಂದ, ಈ ಪರೀಕ್ಷೆಗೆ ಉಪವಾಸದ ಅಗತ್ಯವಿಲ್ಲದಿದ್ದರೂ, ಎಪ್ಪತ್ತೆರಡು ವರ್ಷದ ಹಿರಿಯರು ಬೆಳಗಿನ ಬಸ್ಸಿನಲ್ಲಿ ಹಸಿದುಕೊಂಡೇ ಬಂದರು. ಇಂಜೆಕ್ಷನ್ ಆದ ಮೇಲೆ ನಾಲ್ಕು ಗಂಟೆ ಕಾಯಬೇಕೆಂಬುದೂ ಅಲ್ಲಿಗೆ ಹೋದ ಮೇಲೆಯೇ ತಿಳಿಯಿತು, ಒಪ್ಪಿಗೆ ಪತ್ರವಂತೂ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಆದರೆ ಕ್ಯಾಮೆರಾ ಕೋಣೆಯ ತಂತ್ರಜ್ಞರನ್ನು ಮೆಚ್ಚಲೇಬೇಕು: ತಲೆಗೆ ಪಟ್ಟಿ ಕಟ್ಟಿ, "ಯಜಮಾನ್ರೇ, ಅರ್ಧ ಗಂಟೆ ಅಲ್ಲಾಡದೆ ಮಲ್ಕೊಳ್ಳಿ, ನಾನಿಲ್ಲೇ ಇರ್ತೀನಿ" ಎಂದು ಧೈರ್ಯ ಹೇಳಿ, ನಡುಗುವ ಕೈಗಳಿಗೆ ದಿಂಬು ಒತ್ತಿಟ್ಟರು.

ಮಾತ್ರೆ ಎಷ್ಟು ಗ್ರಾಹಕಗಳನ್ನು ಹಿಡಿದಿದೆ ಎಂದು ನೇರವಾಗಿಯೇ ಅಳೆಯಬಾರದೇ ಎಂದು ನಾನು ಕೇಳಿದೆ. ಅದಕ್ಕೆ ಪೆಟ್ ಸ್ಕ್ಯಾನರ್‌ನಲ್ಲಿ ವಿಕಿರಣಶೀಲ ಕಾರ್ಬನ್-11 ಬೆರೆಸಿದ, ಡಿ2 ಗ್ರಾಹಕಗಳಿಗೇ ಅಂಟುವ ರ‍್ಯಾಕ್ಲೊಪ್ರೈಡ್ ಬೇಕು. ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯವರು 1980ರ ದಶಕದಲ್ಲೇ ಹೀಗೆ ಅಳೆದರು. ಸ್ಕಿಜೋಫ್ರೇನಿಯಾದಂತಹ ಮನೋವಿಕಾರಕ್ಕೆ ಕೊಡುವ ಬಹುತೇಕ ಔಷಧಗಳು ಡಿ2 ಗ್ರಾಹಕಗಳಲ್ಲಿ ಸುಮಾರು 65ರಿಂದ 80 ಶೇಕಡವನ್ನು ಹಿಡಿದಾಗ ಗುಣ ಕೊಡುತ್ತವೆ, ಅದನ್ನು ಮೀರಿದರೆ ನಡುಕ, ಬಿಗಿತ ಹೆಚ್ಚುತ್ತವೆ ಎಂಬ ತಿಳಿವಳಿಕೆ ಬಂದದ್ದು ಇಂತಹ ಅಳತೆಗಳಿಂದಲೇ. ಆದರೆ ಕಾರ್ಬನ್-11 ಇಪ್ಪತ್ತು ನಿಮಿಷಕ್ಕೊಮ್ಮೆ ಅರ್ಧವಾಗುತ್ತದೆ. ಬೆಂಗಳೂರಿನಲ್ಲಿ ತಯಾರಿಸಿ ಒಂದು ಗಂಟೆ ನಲವತ್ತು ನಿಮಿಷದಲ್ಲಿ ಮಂಡ್ಯ ಮುಟ್ಟಿಸಿದರೂ 32ರಲ್ಲಿ ಒಂದು ಪಾಲು ಉಳಿದೀತು, ಮೈಸೂರಿನ ಮಾತು ದೂರವೇ ಉಳಿಯಿತು. ಟ್ರೊಡಾಟ್‌ನ ಟೆಕ್ನೀಶಿಯಮ್‌ಗೆ ಆರು ಗಂಟೆಯ ಅರ್ಧಾಯುಷ್ಯವಿರುವುದರಿಂದ ನಮ್ಮಂಥ ಊರುಗಳಿಗೆ ಅದೇ ಗತಿ, ಇಲ್ಲಿ ಅದೇ ಸಾಕಿತ್ತು ಕೂಡ.

ವರದಿ ಒಂದೇ ಸಾಲಿನದು: ಎರಡೂ ಬದಿ ಸಹಜ. ಆ ಬೆಳಕನ್ನು ತಲೆಯ ಹಿಂಭಾಗದ ಮಿದುಳಿಗೆ ಹೋಲಿಸಿದ ಅನುಪಾತದ ಅಂಕಿಗಳನ್ನು ಎರಡು ಬಾರಿ ಕೇಳಿದ ಮೇಲೆ ಮರುದಿನ ಕೊಟ್ಟರು. ಹೋಗುವವರು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ನರತುದಿಗಳು ಸರಿಯಿದ್ದುದರಿಂದ ವೈದ್ಯರು ಮಾತ್ರೆ ನಿಲ್ಲಿಸಿದರು. ಮೂರು ತಿಂಗಳ ನಂತರ ದೊಡ್ಡಪ್ಪನವರು ಕಾಫಿ ಲೋಟವನ್ನು ಒಂದೇ ಕೈಯಲ್ಲಿ ಹಿಡಿಯುತ್ತಿದ್ದಾರೆ, ಎಡಗೈಯಲ್ಲಿ ಸ್ವಲ್ಪ ನಡುಕ ಇನ್ನೂ ಇದೆ.