ಧಾರವಾಡದ ಮನೆಯೊಳಗೆ ಸೈಕ್ಲಮೆನ್: ಒಂದೇ ಗೆಡ್ಡೆ, ನಾಲ್ಕನೆಯ ಹೂಗಾಲ

ಮಾಳಮಡ್ಡಿಯ ನಮ್ಮ ಮನೆಯ ಉತ್ತರದ ಕಿಟಕಿಯಲ್ಲಿರುವ ಸೈಕ್ಲಮೆನ್ ಗಿಡವನ್ನು ನಾನು 2022ರ ನವೆಂಬರಿನಲ್ಲಿ ಬೆಂಗಳೂರಿನ ಒಂದು ನರ್ಸರಿಯಲ್ಲಿ 650 ರೂಪಾಯಿ ಕೊಟ್ಟು ಕೊಂಡೆ. ಚಳಿ ಮುಗಿಯುವ ತನಕ ಹೂ ನೋಡಿ, ಆಮೇಲೆ ಎಸೆದುಬಿಡಿ, ನಿಮ್ಮ ಕಡೆ ಇದು ಉಳಿಯುವುದಿಲ್ಲ ಎಂದು ಮಾರಿದವರೇ ಹೇಳಿದ್ದರು. ಅದೇ ಗೆಡ್ಡೆ ಮೂರು ಬೇಸಿಗೆಗಳನ್ನೂ ಮೂರು ಮಳೆಗಾಲಗಳನ್ನೂ ದಾಟಿ ನಾಲ್ಕನೆಯ ಸಲ ಹೂ ಬಿಟ್ಟಿರುವುದರಿಂದ, ಈ ಗಿಡವನ್ನು ಕೊಳ್ಳಬೇಕೆಂದಿರುವ ನಮ್ಮ ಭಾಗದವರಿಗೆ ನನ್ನ ಅನುಭವ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ.

ಇದಕ್ಕೂ ಒಂದು ವರ್ಷ ಮೊದಲು ಆನ್‌ಲೈನ್‌ನಲ್ಲಿ ತರಿಸಿದ್ದ ಗಿಡ ಇಪ್ಪತ್ತು ದಿನವೂ ಬಾಳಲಿಲ್ಲ. ಪೆಟ್ಟಿಗೆಯಲ್ಲಿದ್ದ ಚೀಟಿಯಲ್ಲಿ ದಿನಕ್ಕೊಮ್ಮೆ ನೀರು, ಪೂರ್ಣ ಬಿಸಿಲು ಎಂದು ಅಚ್ಚಾಗಿತ್ತು. ನಾನು ಅಕ್ಷರಶಃ ಹಾಗೆಯೇ ಮಾಡಿದೆ. ಎರಡನೆಯ ವಾರದಲ್ಲಿ ಎಲೆಯ ತೊಟ್ಟುಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಮೆತ್ತಗಾಗಿ ಒರಗಿದವು, ಗೆಡ್ಡೆಯ ನೆತ್ತಿಯನ್ನು ಮುಟ್ಟಿದರೆ ಬೆರಳು ಒಳಗೇ ಇಳಿಯಿತು. ಮಾರಿದವರಿಗೆ ದೂರು ಕೊಟ್ಟರೆ, ಜೀವಂತ ಗಿಡಕ್ಕೆ ಬದಲಿ ಕೊಡುವುದಿಲ್ಲ ಎಂಬ ಉತ್ತರ ಬಂತು. ಹಣ ಹೋದುದಕ್ಕಿಂತ, ಗಿಡ ಮಾರುವವರು ಆ ಗಿಡಕ್ಕೆ ವಿರುದ್ಧವಾದ ಸಲಹೆಯನ್ನೇ ಅಚ್ಚು ಹಾಕಿಸಿ ಕಳಿಸುತ್ತಾರಲ್ಲ ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ಹೂಕುಂಡಗಳಲ್ಲಿ ಮಾರಾಟವಾಗುವ ಸೈಕ್ಲಮೆನ್‌ಗೆ ಶಾಸ್ತ್ರೀಯ ಹೆಸರು ಸೈಕ್ಲಮೆನ್ ಪರ್ಸಿಕಮ್. ಹೆಸರಿನಲ್ಲಿ ಪರ್ಷಿಯಾ ಇದ್ದರೂ ಅದರ ತವರು ಇರಾನ್ ಅಲ್ಲ. ಟರ್ಕಿ, ಸಿರಿಯಾ, ಲೆಬನಾನ್, ಸೈಪ್ರಸ್‌ಗಳ ಕಲ್ಲುಗುಡ್ಡಗಳಲ್ಲಿ ಅದು ತಾನಾಗಿ ಬೆಳೆಯುತ್ತದೆ. ಆ ಸೀಮೆಯಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆಯಲ್ಲಿ ಹನಿಯೂ ಬೀಳುವುದಿಲ್ಲ. ಹೀಗಾಗಿ ಗಿಡ ತಂಪಿನಲ್ಲಿ ಎಲೆ, ಹೂ ಬಿಟ್ಟು, ಬಿಸಿಲು ಏರುತ್ತಿದ್ದಂತೆ ಎಲೆಗಳನ್ನೆಲ್ಲ ಉದುರಿಸಿ ಗೆಡ್ಡೆಯೊಳಗೆ ಮಲಗುತ್ತದೆ. ಧಾರವಾಡದ ಮಾರ್ಚ್, ಏಪ್ರಿಲ್, ಮೇ ತಿಂಗಳ ಸೆಕೆ ಈ ನಿದ್ದೆಗೆ ಸರಿಯಾಗಿಯೇ ಹೊಂದುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಗೆಡ್ಡೆ ಇನ್ನೂ ಒಣ ನಿದ್ದೆಯಲ್ಲಿರಬೇಕಾದ ಹೊತ್ತಿಗೆ ನಮ್ಮಲ್ಲಿ ಮಿರಗದ ಮಳೆ ಹಿಡಿಯುತ್ತದೆ, ಹವೆ ತಂಪಾಗುತ್ತದೆ, ಗೋಡೆಗಳೇ ಬೆವರುತ್ತವೆ. ನಮ್ಮ ಊರಿನಲ್ಲಿ ಈ ಗಿಡವನ್ನು ಕೊಲ್ಲುವುದು ಏಪ್ರಿಲ್ ತಿಂಗಳ ಬಿಸಿಲಲ್ಲ, ಜೂನ್ ತಿಂಗಳ ತೇವ ಎಂಬುದನ್ನು ನಾನು ತಡವಾಗಿ ಕಂಡುಕೊಂಡೆ.

ಕಂಡುಕೊಂಡ ಬಗೆಯನ್ನು ಹೇಳಬೇಕು. 2023ರ ಬೇಸಿಗೆಯನ್ನು ಗೆಡ್ಡೆ ಕ್ಷೇಮವಾಗಿ ಕಳೆದಿತ್ತು. ಜೂನ್ ಎರಡನೆಯ ವಾರ ಮೊದಲ ಜಿಟಿಜಿಟಿ ಮಳೆ ಬಂದಾಗ, ಉಳಿದ ಕುಂಡಗಳಿಗೆಲ್ಲ ಹಿತವಾದದ್ದು ಇದಕ್ಕೂ ಆದೀತೆಂದು ಅಂಗಳದಲ್ಲಿಟ್ಟೆ. ನಾಲ್ಕೇ ದಿನದಲ್ಲಿ ಗೆಡ್ಡೆಯ ಒಂದು ಮಗ್ಗುಲು ಕಪ್ಪಾಗಿ ಹುಳಿ ವಾಸನೆ ಬರತೊಡಗಿತು. ಗೆಡ್ಡೆಯನ್ನು ಹೊರತೆಗೆದು, ಬಿಳಿಯ ಗಟ್ಟಿ ತಿರುಳು ಕಾಣುವವರೆಗೆ ಕೊಳೆತ ಭಾಗವನ್ನು ಚಾಕುವಿನಿಂದ ಕೆತ್ತಿ, ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕದ ಪುಡಿ ಸವರಿ, ಶಹಾಬಾದ್ ಕಲ್ಲಿನ ನೆಲದ ಮೇಲೆ ಹತ್ತು ದಿನ ಹಾಗೆಯೇ ಒಣಗಲು ಬಿಟ್ಟೆ. ಅದು ಉಳಿಯಿತು. ಇಂದಿಗೂ ಆ ಮಗ್ಗುಲಲ್ಲಿ ಒಂದು ಎಲೆಯೂ ಹುಟ್ಟುವುದಿಲ್ಲ, ಕಚ್ಚಿ ಇಟ್ಟ ಬೆಲ್ಲದ ಅಚ್ಚಿನಂತೆ ಕಾಣುತ್ತದೆ. ಆ ವರ್ಷ ಬಂದದ್ದು ಒಂಬತ್ತೇ ಹೂ.

ಅಂದಿನಿಂದ ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಎಲೆಗಳು ಹಳದಿಯಾಗತೊಡಗಿದ ಕೂಡಲೇ ನೀರನ್ನು ಕಡಿಮೆ ಮಾಡುತ್ತ ಬಂದು, ಎಲೆಯೆಲ್ಲ ಒಣಗಿದ ಮೇಲೆ ಕುಂಡವನ್ನು ಒಳಗಿನ ಕೋಣೆಯ ನೆಲದ ಮೇಲೆ, ಗಾಳಿಯಾಡುವ ನೆರಳಿನಲ್ಲಿ ಇಡುತ್ತೇನೆ. ಗೆಡ್ಡೆ ಪೂರ್ತಿ ಸುಕ್ಕಾಗದಿರಲಿ ಎಂದು ಮೂರು ವಾರಕ್ಕೊಮ್ಮೆ ಕುಂಡದ ಅಂಚಿನಲ್ಲಿ ನಾಲ್ಕು ಚಮಚ ನೀರು, ಅಷ್ಟೇ. ಮಳೆ ಶುರುವಾದರೂ ಅದನ್ನು ಹೊರಗೆ ತರುವುದಿಲ್ಲ. ಜುಲೈ ತಂಪಿಗೆ ಮೋಸಹೋಗಿ ಒಂದೆರಡು ಚಿಗುರು ಮೂಡಿದರೂ ನಾನು ನೀರು ಹೆಚ್ಚಿಸುವುದಿಲ್ಲ. ಮೋಡ ಮುಸುಕಿದ ದಿನಗಳಲ್ಲಿ ಆ ಎಳೆ ಎಲೆಗಳಿಗೆ ಬೂದು ಬೂಷ್ಟು ಹಿಡಿಯುವುದು ಖಂಡಿತ. ಗಣೇಶ ಚತುರ್ಥಿ ಮುಗಿದ ಮೇಲೆ, ಆಕಾಶ ತಿಳಿಯಾಗಿರುವ ವಾರ ನೋಡಿ, ಮಣ್ಣು ಬದಲಿಸುತ್ತೇನೆ.

ಮಣ್ಣಿನ ವಿಷಯದಲ್ಲಿ ಹುಬ್ಬಳ್ಳಿ, ಗದಗ ಕಡೆಯವರು ವಿಶೇಷವಾಗಿ ಎಚ್ಚರದಿಂದಿರಬೇಕು. ಎರೆ ಮಣ್ಣು ಹತ್ತಿಗೆ, ಜೋಳಕ್ಕೆ ಎಷ್ಟು ಒಳ್ಳೆಯದೋ ಈ ಗೆಡ್ಡೆಗೆ ಅಷ್ಟೇ ಕೆಟ್ಟದ್ದು, ಏಕೆಂದರೆ ಅದು ಹೀರಿದ ನೀರನ್ನು ಬಿಟ್ಟುಕೊಡುವುದಿಲ್ಲ. ನಾನು ಕೆಮ್ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಎಲೆಗೊಬ್ಬರ ಮೂರನ್ನೂ ಸಮನಾಗಿ ಬೆರೆಸುತ್ತೇನೆ. ಗೆಡ್ಡೆಯ ಮೇಲಿನ ಅರ್ಧ ಮಣ್ಣಿನಿಂದ ಹೊರಗೇ ಇರಬೇಕು. ಗೆಡ್ಡೆ ಎಂದೊಡನೆ ಅರಿಸಿನದ ಹಾಗೆ ಹೂಳುವುದು, ಆಲೂಗಡ್ಡೆಯ ಹಾಗೆ ಕಣ್ಣು ನೋಡಿ ತುಂಡು ಮಾಡಿ ನೆಡುವುದು ನಮಗೆ ರೂಢಿ. ಇದು ಮರಿಗೆಡ್ಡೆ ಇಡುವುದಿಲ್ಲ, ಹೆಚ್ಚುವುದು ಬೀಜದಿಂದಲೇ.

ನೀರು ಹಾಕುವ ಕ್ರಮವನ್ನು ಬದಲಿಸಿದ್ದೇ ನನ್ನ ದೊಡ್ಡ ಲಾಭ. ಕುಂಡವನ್ನು ಕೈಯಲ್ಲಿ ಎತ್ತಿ ನೋಡುತ್ತೇನೆ. ಹಗುರವೆನಿಸಿದರೆ ಹಳೆಯ ಗಂಗಾಳವೊಂದರಲ್ಲಿ ಎರಡು ಬೆರಳು ನೀರು ಹಾಕಿ, ಅದರಲ್ಲಿ ಕುಂಡವನ್ನು ಇಪ್ಪತ್ತು ನಿಮಿಷ ಕೂರಿಸಿ, ಮೇಲ್ಮಣ್ಣು ಕಪ್ಪಾಗುತ್ತಿದ್ದಂತೆ ಎತ್ತಿ ಬಸಿದುಬಿಡುತ್ತೇನೆ. ಎಲೆಗಳ ನಡುವಿನ ನೆತ್ತಿಗೆ ಒಂದು ಹನಿಯೂ ತಾಗುವುದಿಲ್ಲ. ಡಿಸೆಂಬರಿನಲ್ಲಿ ಐದಾರು ದಿನಕ್ಕೊಮ್ಮೆ ಹೀಗೆ ಮಾಡಿದರೆ ಸಾಕು. ಒಣಗಿದ ಎಲೆಯನ್ನು, ಬಾಡಿದ ಹೂವನ್ನು ಕತ್ತರಿಯಿಂದ ಕತ್ತರಿಸಬಾರದು, ಉಳಿದ ತೊಟ್ಟು ಕೊಳೆತು ಗೆಡ್ಡೆಗೆ ರೋಗ ತರುತ್ತದೆ. ತೊಟ್ಟಿನ ಬುಡವನ್ನು ಎರಡು ಬೆರಳಲ್ಲಿ ಹಿಡಿದು, ಅರ್ಧ ಸುತ್ತು ತಿರುವಿ ಚಕ್ಕನೆ ಎಳೆದರೆ ಚಿಟಿಕೆ ಹೊಡೆದಷ್ಟು ಸಣ್ಣ ಸದ್ದಿನೊಂದಿಗೆ ಬುಡಸಮೇತ ಕಳಚಿಕೊಳ್ಳುತ್ತದೆ.

ಹೂವಿನ ಬಗ್ಗೆ ಎಷ್ಟು ಹೇಳಿದರೂ ನನಗೆ ತೃಪ್ತಿಯಿಲ್ಲ. ಬೆಳ್ಳಿ ಗೆರೆಗಳ ಹೃದಯದಾಕಾರದ ಎಲೆಗಳ ಕೆಳಗಿನಿಂದ, ತಲೆ ತಗ್ಗಿಸಿದ ಮೊಗ್ಗೊಂದು ಮೇಲೇಳುತ್ತದೆ. ಸುರುಳಿ ಬಿಚ್ಚಿದ ಐದು ಎಸಳುಗಳು ಮುಂದಕ್ಕೆ ಚಾಚದೆ ಹಿಂದಕ್ಕೆ ಮಡಚಿ ನಿಲ್ಲುತ್ತವೆ, ಹೂವಿನ ಬಾಯಿ ಮಾತ್ರ ನೆಲದತ್ತಲೇ ಇರುತ್ತದೆ. ಒಂದೊಂದು ಹೂ ತಂಪಿದ್ದರೆ ಮೂರು ವಾರ ಬಾಳುತ್ತದೆ. ನಮ್ಮ ಜನವರಿಯ ರಾತ್ರಿಗಳು ಇದಕ್ಕೆ ಬಹಳ ಹಿಡಿಸುತ್ತವೆ. ಟಿವಿಯ ಪಕ್ಕ, ಫ್ಯಾನಿನ ಕೆಳಗೆ ಇಟ್ಟರೆ ಮಾತ್ರ ವಾರದೊಳಗೆ ಸೊರಗುತ್ತದೆ. ಕಳೆದ ಹೂಗಾಲದಲ್ಲಿ ಹದಿನೇಳು ಹೂ ಎಣಿಸಿದೆ.

ಗದಗದಲ್ಲಿರುವ ನನ್ನ ತಂಗಿಗೂ ಒಂದು ಗಿಡ ಕೊಟ್ಟಿದ್ದೆ. ಅಲ್ಲಿ ಮಳೆ ಕಡಿಮೆಯಾದ್ದರಿಂದ ಗೆಡ್ಡೆ ಕೊಳೆಯುವ ಭಯವೇ ಇಲ್ಲ, ಆದರೆ ಫೆಬ್ರುವರಿ ನಡುವಿನಲ್ಲೇ ಬಿಸಿಲು ಚುರುಕಾಗಿ ಹೂಗಾಲ ಬೇಗ ಮುಗಿಯುತ್ತದೆ. ಪಶ್ಚಿಮಕ್ಕೆ ಮಾತ್ರ ಕಿಟಕಿಯಿರುವ ಫ್ಲ್ಯಾಟಿನವರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ. ಉತ್ತರದ ಅಥವಾ ಪೂರ್ವದ ಬೆಳಕು, ತಂಪಾದ ಕಲ್ಲಿನ ನೆಲ ಇರುವ ಹಳೆಯ ಮನೆಯವರಾದರೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಬೆಕ್ಕು, ನಾಯಿ ಸಾಕಿದವರು ಕುಂಡವನ್ನು ಅವುಗಳಿಗೆ ನಿಲುಕದಂತೆ ಇಡಬೇಕು; ಗೆಡ್ಡೆಯಲ್ಲಿರುವ ಸಪೋನಿನ್ ಎಂಬ ರಾಸಾಯನಿಕಗಳು ಅವುಗಳಿಗೆ ವಿಷ.

ಕೊಳ್ಳುವಾಗ ಅರಳಿದ ಹೂಗಳ ಸಂಖ್ಯೆ ನೋಡಬೇಡಿ. ಎಲೆಗಳನ್ನು ಮೆಲ್ಲಗೆ ಸರಿಸಿ ಒಳಗೆ ಎಳೆಯ ಮೊಗ್ಗುಗಳಿವೆಯೇ ನೋಡಿ, ಗೆಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿ ಗಟ್ಟಿಯಿದೆಯೇ ಪರೀಕ್ಷಿಸಿ.

ಎರಡು ವರ್ಷದ ಹಿಂದೆ ಚಿಕ್ಕ ಬ್ರಶ್ಶಿನಿಂದ ಪರಾಗ ಮುಟ್ಟಿಸಿದ ಒಂದು ಹೂ ಕಾಯಿ ಕಟ್ಟಿತ್ತು. ಹನ್ನೊಂದು ಬೀಜಗಳನ್ನು ಒಂದು ರಾತ್ರಿ ನೆನೆಸಿ, ಬೆಳಕು ತಾಗದಂತೆ ಮುಚ್ಚಿ ನವೆಂಬರಿನಲ್ಲಿ ಬಿತ್ತಿದೆ. ಐದನೆಯ ವಾರದ ಮೇಲೆ ನಾಲ್ಕು ಮೊಳೆತವು. ಅವುಗಳಲ್ಲಿ ಎರಡು ಉಳಿದುಕೊಂಡಿವೆ, ಒಂದಕ್ಕೆ ಗೋಲಿಯಷ್ಟು ಗೆಡ್ಡೆ ಕಟ್ಟಿದೆ, ಈ ವಾರ ಅದರ ಎಲೆಗಳ ನಡುವೆ ಮೊದಲ ಮೊಗ್ಗು ಕಾಣಿಸಿಕೊಂಡಿದೆ.