ನಮ್ಮ ಬಡಾವಣೆಯ ತಟ್ಟೆ ಬ್ಯಾಂಕ್: 120 ತಟ್ಟೆ, ಒಬ್ಬರು ಅತ್ತೆ

ಮಗನ ನಾಮಕರಣಕ್ಕೆ ತಟ್ಟೆ ಬ್ಯಾಂಕಿನಿಂದ 120 ಸ್ಟೀಲ್ ತಟ್ಟೆ, ಅಷ್ಟೇ ಲೋಟ, ಚಮಚ ತಂದಿದ್ದೆವು. ಬಾಡಿಗೆ ಇಲ್ಲ. 3000 ರೂಪಾಯಿ ಡೆಪಾಸಿಟ್ಟು. ತೊಳೆದು, ಎಣಿಸಿ ಕೊಟ್ಟರೆ ಅದೂ ವಾಪಸ್. ನಡೆಸುವವರು ಒಬ್ಬ ರಿಟೈರ್ಡ್ ಮೇಷ್ಟ್ರು, ಅವರ ಮನೆಯ ಕಾರ್ ಶೆಡ್ಡೇ ಬ್ಯಾಂಕು.

ಮೂಟೆ ಆಟೋದಿಂದ ಇಳಿಯುತ್ತಿದ್ದಂತೆ ಅತ್ತೆ ಬಾಗಿಲಲ್ಲೇ ತಡೆದರು. “ಯಾರ್ಯಾರೋ ಉಂಡ ತಟ್ಟೆ. ಅದರಲ್ಲಿ ಏನೇನು ತಿಂದಿದ್ದಾರೋ!” ನಾನು ಭಾಷಣ ಶುರು ಮಾಡಿದೆ. ಪ್ಲಾಸ್ಟಿಕ್ ತಟ್ಟೆ, ಥರ್ಮಾಕೋಲು 2016ರಲ್ಲೇ ನಮ್ಮ ರಾಜ್ಯದಲ್ಲಿ ಬ್ಯಾನ್ ಆಗಿದೆ ಅಂದೆ. ಪೇಪರ್ ಲೋಟದ ಒಳಮೈಗೂ ಪ್ಲಾಸ್ಟಿಕ್ ಪದರ ಬಳಿದಿರುತ್ತಾರೆ ಅಂದೆ. ಒಂದೂ ನಾಟಲಿಲ್ಲ. “ಹಾಗಿದ್ರೆ ಬಾಳೆ ಎಲೆ ಹಾಕಿಸು.” ಮಾತು ಸರಿಯೇ, ಆದರೆ ನಮ್ಮ ತಾರಸಿಯಲ್ಲಿ ಪಂಕ್ತಿ ಕೂರಿಸಲು ಜಾಗವೆಲ್ಲಿದೆ?

ಕೊನೆಗೆ ಅಡಿಕೆ ಹಾಳೆ ತಟ್ಟೆ ತರಲು ನಮ್ಮನೆಯವರು ಹೊರಟರು. ಒಂದಕ್ಕೆ 8 ರೂಪಾಯಿ ಅಂತ ಅಂಗಡಿಯಿಂದ ಫೋನು. ಅತ್ತೆಯ ಮುಖವೇ ಬದಲಾಯಿತು. ಹಾಲಿನ ಕವರನ್ನೂ ತೊಳೆದು ಕಿಟಕಿ ಸರಳಿಗೆ ಒಣಹಾಕಿ ಕೂಡಿಡುವ ಜೀವ ಅದು. “ಒಂಬೈನೂರ ಅರವತ್ತು ಕೊಟ್ಟು ತಂದು, ಅರ್ಧ ಗಂಟೇಲಿ ತಿಪ್ಪೆಗೆ ಎಸೆಯೋದಾ? ಇಟ್ಕೊಳ್ಳೇ ಆ ಸ್ಟೀಲ್ ತಟ್ಟೇನೇ. ಹುಣಸೆಹಣ್ಣು ಹಾಕಿ ಇನ್ನೊಂದು ಸಲ ತೊಳೆಸು.”

ತೊಳೆಸಿದ್ದು ಒಳ್ಳೆಯದೇ ಆಯಿತು. ತಟ್ಟೆ ಗಟ್ಟಿಮುಟ್ಟು, ಸಾರು ಚೆಲ್ಲುವುದಿಲ್ಲ. ಆದರೆ ಅಂಚಿನ ಮಡಿಕೆಯೊಳಗೆ ಹಳೇ ಸೋಪು ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಪಾಯಸಕ್ಕೆ ಬಟ್ಟಲು ಅವರಲ್ಲಿಲ್ಲ, ಮನೆಯಿಂದಲೇ ಹೊಂದಿಸಿಕೊಳ್ಳಿ.

ಪುಕ್ಕಟೆ ಅಂದುಕೊಂಡೂ ಹೋಗಬೇಡಿ. ತೊಳೆಯಲು ಬಂದ ಇಬ್ಬರಿಗೆ ತಲಾ 500, ಆಟೋಗೆ 300. ನಲ್ಲಿ ಬಿಟ್ಟುಕೊಂಡು ತೊಳೆದರೆ ನೀರಿನ ಗತಿಯೇನು ಅಂತ ಸಾಲಾಗಿ ಮೂರು ಟಬ್ಬು ಇಟ್ಟೆ. ಮೊದಲನೆಯದಕ್ಕೆ ಸೋಪು ಹಾಕಕೂಡದು ಅಂತ ಅತ್ತೆ ಅಡ್ಡ ನಿಂತರು. ಆ ಮುಸುರೆ ಹಾಲಿನವನ ಎಮ್ಮೆಗೆ ಬೇಕಂತೆ. ಒಟ್ಟು ಕೂಡಿದರೆ ಹಾಳೆ ತಟ್ಟೆಗಿಂತ 340 ರೂಪಾಯಿ ಜಾಸ್ತಿಯೇ ಬಿತ್ತು. ಈ ಲೆಕ್ಕ ಅತ್ತೆಗೆ ಹೇಳಿಲ್ಲ.

ವಾಪಸ್ ಕೊಡುವಾಗ ಎರಡು ಚಮಚ ಕಡಿಮೆ. ಮೇಷ್ಟ್ರು ಮುಲಾಜಿಲ್ಲದೆ 40 ರೂಪಾಯಿ ಹಿಡಿದರು. ಮುಂದಿನ ವಾರ ಒಂದು ಚಮಚ ತೊಟ್ಟಿಲ ಹಾಸಿಗೆಯಡಿ ಸಿಕ್ಕಿತು. ಅತ್ತೆ ಸೆರಗಿನಲ್ಲಿ ಅದನ್ನು ಒರೆಸಿಕೊಂಡು, ತಾವೇ ನಡೆದು ಹೋಗಿ 20 ರೂಪಾಯಿ ವಸೂಲು ಮಾಡಿಕೊಂಡು ಬಂದರು.